ಕಾರಿನ ಗಾಜು ಏರದಿದ್ದರೆ



ಮಳೆಗಾಲಕ್ಕೆ ಮುನ್ನ ಪಂಪು, ಸ್ಪ್ರೇಯರ್‌ಗಳನ್ನು ಬಿಚ್ಚಿ ನೋಡುವ ನಾವು ಕಾರಿನ ಬಾಗಿಲನ್ನು ಮರೆಯುತ್ತೇವೆ. ಕಳೆದ ಆಷಾಢದಲ್ಲಿ ಘಾಟಿಯ ನಡುವೆ ನನ್ನ ಹಳೆಯ ಕಾರಿನ ಗಾಜು ಕೆಳಗೆ ಕುಸಿದು, ಸೀಟಿನ ಮೇಲಿದ್ದ ಸಂಘದ ಕಡತವೆಲ್ಲ ನೆನೆಯಿತು. ಬಿಗಿಯಾಗಿದ್ದ ಹಿಡಿಯನ್ನು ತಿಂಗಳುಗಟ್ಟಲೆ ಬಲವಂತವಾಗಿ ತಿರುಗಿಸಿದ ತಪ್ಪು ನನ್ನದೇ.

ಗಾಜನ್ನು ಏರಿಳಿಸುವ ಸಾಧನಕ್ಕೆ ರೆಗ್ಯುಲೇಟರ್ ಎನ್ನುತ್ತಾರೆ. ಕೆಲವು ಕಾರುಗಳಲ್ಲಿ ಹಲ್ಲಿನ ಚಕ್ರ ಮತ್ತು ತೋಳುಗಳಿರುತ್ತವೆ, ಕೆಲವದರಲ್ಲಿ ಕೇಬಲ್. ಹಿಡಿ ತಿರುಗಿದರೂ ಗಾಜು ಅಲುಗದಿದ್ದರೆ ಸಾಮಾನ್ಯವಾಗಿ ಹಲ್ಲು ಸವೆದಿರುತ್ತದೆ, ಇಲ್ಲವೇ ಕೇಬಲ್ ತುಂಡಾಗಿರುತ್ತದೆ. ಮೋಟಾರಿನ ಗಾಜಾದರೆ ಮೊದಲು ಫ್ಯೂಸ್ ನೋಡಿ.

ದುರಸ್ತಿ ಹೀಗೆ: ಗಾಜನ್ನು ಮೇಲೆತ್ತಿ ಚೌಕಟ್ಟಿಗೆ ಟೇಪಿನಿಂದ ಭದ್ರವಾಗಿ ಅಂಟಿಸಿ. ಮೋಟಾರ್ ಇದ್ದರೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಹಿಡಿ, ಸ್ಕ್ರೂಗಳನ್ನು ತೆಗೆದು, ಕ್ಲಿಪ್ ಮುರಿಯದಂತೆ ಬಾಗಿಲ ಒಳಹೊದಿಕೆ ಎಬ್ಬಿಸಿ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಸರಿಸಿ. ನಂತರ ಬೋಲ್ಟ್ ಬಿಚ್ಚಿ ರೆಗ್ಯುಲೇಟರನ್ನು ಹೊರತೆಗೆಯಿರಿ. ಅದರ ಸುರುಳಿ ಸ್ಪ್ರಿಂಗನ್ನು ಮಾತ್ರ ಬಿಚ್ಚಬೇಡಿ. ಒಮ್ಮೆಲೇ ಚಿಮ್ಮಿದರೆ ಬೆರಳೇ ಹೋದೀತು. ಇಡೀ ಭಾಗವನ್ನೇ ಬದಲಿಸುವುದು ಲೇಸು. ಕೊಳ್ಳುವಾಗ ಎಡವೋ ಬಲವೋ ಎಂದು ಖಚಿತಪಡಿಸಿಕೊಳ್ಳಿ.

ಹೊಸದನ್ನು ಕೂರಿಸುವ ಮುನ್ನ ಗಾಜು ಜಾರುವ ರಬ್ಬರ್ ಚಾನೆಲ್‌ನ ಮಣ್ಣು ತೆಗೆಯಿರಿ. ಹಲ್ಲಿಗೆ ಗ್ರೀಸ್, ರಬ್ಬರಿಗೆ ಸಿಲಿಕೋನ್ ಸ್ಪ್ರೇ ಸಾಕು; ರಬ್ಬರಿಗೆ ಎಂಜಿನ್ ಆಯಿಲ್ ಬೇಡ. ಬಾಗಿಲ ತಳದಲ್ಲಿ ನೀರು ಹೋಗುವ ತೂತುಗಳನ್ನು ಬಿಡಿಸಿ, ಪ್ಲಾಸ್ಟಿಕ್ ಹಾಳೆಯನ್ನು ತಪ್ಪದೆ ಮರಳಿ ಅಂಟಿಸಿ. ಇಲ್ಲದಿದ್ದರೆ ಮಳೆನೀರು ಕಾರಿನೊಳಗೆ ಇಳಿಯುತ್ತದೆ.

ಹಿಡಿ ಬಿಗಿಯಾಯಿತೆಂದರೆ ಬಲ ಹಾಕದೆ ಮೊದಲು ಚಾನೆಲ್ ನೋಡಿ. ಖರ್ಚು ಉಳಿಯುವುದು ಅಲ್ಲೇ.

– ಕಾರ್ಯದರ್ಶಿ