ನಿಮಗಿದು ಗೊತ್ತೆ? ತೋಳನಾಯಿ ಕಾವಲಿಗೆ ಬಾರದು!

ತೋಳಕ್ಕೂ ನಾಯಿಗೂ ತಲಾ 78 ವರ್ಣತಂತುಗಳು. ಹಾಗಾಗಿ ಎರಡೂ ಕೂಡಿದರೆ ಮರಿ ಹುಟ್ಟುತ್ತದೆ, ಆ ಮರಿಯೂ ಮುಂದೆ ಮರಿ ಹಾಕುತ್ತದೆ. ಇದೇ ತೋಳನಾಯಿ. ಚೆಂದಕ್ಕೆ ಮರುಳಾಗಿ ಕೊಂಡವರು ಸಾಕಲಾಗದೆ ಕೈಬಿಟ್ಟ ಇಂಥ ಪ್ರಾಣಿಗಳಿಗೆಂದೇ ಕೆನಡಾದ ಆಲ್ಬರ್ಟಾದಲ್ಲಿ, ಕಾಕ್ರನ್ ಪಟ್ಟಣದ ಬಳಿ, 2011ರಲ್ಲಿ ಯಾಮ್ನಸ್ಕಾ ಆಶ್ರಯಧಾಮ ಶುರುವಾಯಿತು.

ಇಲ್ಲಿ ಮಾರ್ಗದರ್ಶಕರ ಜೊತೆ ಬೇಲಿಯೊಳಗೇ ಹೋಗಿ, ಕೈಯಾರೆ ತಿನಿಸು ಕೊಡಬಹುದು. ಆದರೆ ತೋಳದ ಅಂಶ ಹೆಚ್ಚಿದ್ದಷ್ಟೂ ಪ್ರಾಣಿಗೆ ಪುಕ್ಕಲು ಹೆಚ್ಚು. ಅಪರಿಚಿತರನ್ನು ಕಂಡರೆ ಬೊಗಳುವುದಿಲ್ಲ, ದೂರ ಸರಿದು ನಿಲ್ಲುತ್ತದೆ; ಹಾಗಾಗಿಯೇ ಕಾವಲಿಗೆ ಬಾರದು. ಅದಾಗಿಯೇ ಹತ್ತಿರ ಬರುವವರೆಗೆ ಸುಮ್ಮನೆ ಕಾಯಬೇಕು. ಆ ಕಾಯುವಿಕೆಯೇ ಭೇಟಿಯ ಸೊಗಸು. ಆಗ ಕಣ್ಣು ನೋಡಿ: ಬೆಳೆದ ಅಪ್ಪಟ ತೋಳಕ್ಕೆ ನೀಲಿಗಣ್ಣಿರುವುದಿಲ್ಲ, ನೀಲಿ ಕಂಡರೆ ಅದು ನಾಯಿಯ ಕಡೆಯಿಂದ ಬಂದದ್ದು. ಉದ್ದ ಕಾಲು, ಅಗಲ ಪಾದ, ಕಿರಿದಾದ ಎದೆ ತೋಳದ ಬಳುವಳಿ.

ಆದರೆ ನಮ್ಮ ದೇಶದ ತೋಳಗಳಿಗೆ ಈ ಬೆರಕೆ ಅಪಾಯದ ಗಂಟೆ. ಪುಣೆ ಬಳಿ ಕಂಡ ಕಂದುಬಣ್ಣದ ವಿಚಿತ್ರ ತೋಳವೊಂದು ಮಿಶ್ರತಳಿಯೆಂದು ವಂಶವಾಹಿ ಪರೀಕ್ಷೆಯಿಂದ ಖಚಿತವಾಯಿತು. 2023ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ಮತ್ತು ಏಟ್ರೀ ಸಂಶೋಧನಾ ಸಂಸ್ಥೆಗಳ ವಿಜ್ಞಾನಿಗಳಿದ್ದರು. ಬೀದಿನಾಯಿಗಳು ಹುಲ್ಲುಗಾವಲಿಗೆ ನುಗ್ಗಿದಷ್ಟೂ ಅಪ್ಪಟ ತೋಳದ ರಕ್ತ ತೆಳುವಾಗುತ್ತದೆ.