ಮತ್ತೊಮ್ಮೆ ನೀಟ್: ಕೇಳಬೇಕಾದದ್ದು ಯಾರನ್ನು?

2024ರ ಜುಲೈ ಕೊನೆಯ ವಾರ. ಕಾಸರಗೋಡಿನ ಒಳನಾಡಿನಲ್ಲಿ ಬಿಡದ ಮಳೆ. ಮನೆ ಭೇಟಿಗೆ ಹೋದ ನಮ್ಮನ್ನು ಒಬ್ಬ ತಂದೆ ಜಗಲಿಯಲ್ಲೇ ಕುಳ್ಳಿರಿಸಿ ಕೇಳಿದರು: "ಫಾದರ್, ಮಗಳಿಂದ ಇನ್ನೊಂದು ಸಲ ನೀಟ್ ಬರೆಸುವುದಾ, ಬೇಡವಾ? ನೀವೇ ಒಂದು ಮಾತು ಹೇಳಿ."

ಆ ವರ್ಷ ಪ್ರಶ್ನೆಪತ್ರಿಕೆ ಸೋರಿಕೆಯ ಗದ್ದಲವಾಗಿತ್ತು. ಎಲ್ಲರಿಗೂ ಮರುಪರೀಕ್ಷೆ ಆಗಬಹುದೆಂದು ಆ ಮನೆಯವರೂ ಕಾದಿದ್ದರು. ಜುಲೈ 23ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ನಿರಾಕರಿಸಿತು. ಇನ್ನು ತೀರ್ಮಾನ ಮನೆಯವರದೇ. ದೂರದ ಕೋಚಿಂಗ್ ಸಂಸ್ಥೆಯೊಂದಕ್ಕೆ ಸೇರಿಸಲು ತಾಯಿಯ ಚಿನ್ನ ಅಡವಿಡುವ ಮಾತೂ ನಡೆದಿತ್ತು. ಹುಡುಗಿ ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. "ನಿನಗೆ ಏನನ್ನಿಸುತ್ತದೆ ಮಗಾ?" ಎಂದು ನಾವು ಕೇಳಿದಾಗ ಅವಳ ಕಣ್ಣು ತುಂಬಿತು. "ಇಷ್ಟು ದಿನ ಯಾರೂ ನನ್ನಲ್ಲಿ ಕೇಳಲಿಲ್ಲ ಫಾದರ್" ಎಂದಳು.

ಪ್ರಿಯ ಹೆತ್ತವರೇ, ನಾವು ಎಡವುವುದು ಇಲ್ಲಿಯೇ. ನೆರೆಮನೆಯವರನ್ನು ಕೇಳುತ್ತೇವೆ, ಕೋಚಿಂಗ್‌ನವರನ್ನು ಕೇಳುತ್ತೇವೆ, ಗುರುಗಳನ್ನೂ ಕೇಳುತ್ತೇವೆ. ವರ್ಷವಿಡೀ ಪುಸ್ತಕದ ಮುಂದೆ ಕುಳಿತುಕೊಳ್ಳಬೇಕಾದವರನ್ನು ಮಾತ್ರ ಕೇಳುವುದಿಲ್ಲ.

ಅಂದು ನಾವು ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವಳ ಉತ್ತರಪತ್ರಿಕೆಯ ಪ್ರತಿಯನ್ನು ತರಿಸಿ ಎಲ್ಲರೂ ಒಟ್ಟಿಗೆ ಕುಳಿತು ಲೆಕ್ಕ ಹಾಕಿದೆವು. ನೀಟ್‌ನಲ್ಲಿ ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ, ಒಟ್ಟು 720. ಅವಳ 120 ಉತ್ತರ ಸರಿ, 50 ತಪ್ಪು. ಅಂದರೆ 480ರಲ್ಲಿ 50 ಕಳೆದು 430. ತಪ್ಪುಗಳಲ್ಲಿ ಅರ್ಧಕ್ಕೂ ಹೆಚ್ಚು ಭೌತಶಾಸ್ತ್ರದವು. ಊಹಿಸಿ ಬರೆದ 20 ಪ್ರಶ್ನೆಗಳನ್ನು ಬಿಟ್ಟಿದ್ದರೂ ಹೆಚ್ಚುತ್ತಿದ್ದುದು 20 ಅಂಕ ಮಾತ್ರ. ಹಾಗಾದರೆ ಕೊರತೆ ಅದೃಷ್ಟದ್ದಲ್ಲ, ಒಂದು ವಿಷಯದ ಬುನಾದಿಯದು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತವಳು, ಪ್ಲಸ್ ವನ್‌ನ ಇಂಗ್ಲಿಷಿಗೆ ಹೊಂದಿಕೊಳ್ಳುವುದರಲ್ಲೇ ಒಂದು ವರ್ಷ ಹೋಗಿತ್ತು. ನಮ್ಮ ಗಡಿನಾಡಿನ ಎಷ್ಟೋ ಮಕ್ಕಳ ಕಥೆ ಇದು. ಹೀಗೆ ಕಾರಣ ಸ್ಪಷ್ಟವಾಗಿದ್ದು ಅದನ್ನು ಸರಿಪಡಿಸಲು ಸಾಧ್ಯವಿದ್ದರೆ ಎರಡನೆಯ ಪ್ರಯತ್ನಕ್ಕೆ ಅರ್ಥವಿದೆ. ಕಾರಣವೇ ತಿಳಿಯದಿದ್ದರೆ ಕಳೆದ ವರ್ಷವನ್ನೇ ಮತ್ತೆ ಬದುಕಿದಂತಾಗುತ್ತದೆ.

ಎರಡನೆಯ ಮಾತು, ಅರ್ಹತೆ ಬೇರೆ, ಸೀಟು ಬೇರೆ. 2025ರಲ್ಲಿ ನೀಟ್ ಬರೆದವರು ಸುಮಾರು 22 ಲಕ್ಷ. ಅರ್ಹರಾದವರು 12 ಲಕ್ಷಕ್ಕೂ ಹೆಚ್ಚು. ದೇಶದ ಎಂಬಿಬಿಎಸ್ ಸೀಟುಗಳೋ, ಸರಕಾರಿ, ಖಾಸಗಿ ಎಲ್ಲ ಸೇರಿ, ಸುಮಾರು 1.2 ಲಕ್ಷ. ಆದುದರಿಂದ "ಪಾಸಾಗಿದ್ದಾಳೆ, ಇನ್ನು ಸ್ವಲ್ಪ ಸಾಕು" ಎಂಬ ಮಾತಿಗೆ ಮರುಳಾಗಬಾರದು. ಅಂಕಕ್ಕಿಂತ ರ್‍ಯಾಂಕ್ ನೋಡಬೇಕು. 2024ರ ಅಂತಿಮ ಫಲಿತಾಂಶದಲ್ಲಿ 17 ಮಂದಿಗೆ ಪೂರ್ತಿ 720 ಬಂದಿತ್ತು. 2025ರಲ್ಲಿ ಪತ್ರಿಕೆ ಕಠಿಣವಾಗಿ ಮೊದಲ ರ್‍ಯಾಂಕಿನವರಿಗೇ ಬಂದದ್ದು 686. ನಿಮ್ಮ ವರ್ಗದಲ್ಲಿ ಹಿಂದಿನ ವರ್ಷ ಕೊನೆಯ ಸೀಟು ಯಾವ ರ್‍ಯಾಂಕಿಗೆ ಸಿಕ್ಕಿತು, ನಿಮ್ಮ ಮಗು ಅಲ್ಲಿಂದ ಎಷ್ಟು ದೂರದಲ್ಲಿದೆ ಎಂಬುದೇ ಮುಖ್ಯ. ಕರ್ನಾಟಕದ ಪ್ರವೇಶ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆಂದು ಪ್ರತ್ಯೇಕ ಕಲಂ ಇದೆ. ಅದು ಯಾವ ಕೋರ್ಸಿಗೆ ಅನ್ವಯ, ಯಾವ ದಾಖಲೆ ಬೇಕು ಎಂಬುದನ್ನು ಆಯಾ ವರ್ಷದ ಕೈಪಿಡಿಯಲ್ಲೇ ಓದಿಕೊಳ್ಳಿ.

ಮೂರನೆಯದು, ಕೊನೆ ಎಲ್ಲಿ ಎಂಬುದು ಮೊದಲೇ ತೀರ್ಮಾನವಾಗಬೇಕು. ಎಂಜಿನಿಯರಿಂಗ್‌ನ ಜೆಇಇ ಮೈನ್ ವರ್ಷಕ್ಕೆ ಎರಡು ಸಲ ನಡೆದು ಉತ್ತಮವಾದುದನ್ನು ಪರಿಗಣಿಸುತ್ತಾರೆ. ಜೆಇಇ ಅಡ್ವಾನ್ಸ್‌ಡ್‌ಗೆ ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶ. ನೀಟ್‌ಗೆ ಇಂಥ ಮಿತಿಯಿಲ್ಲ. ಗರಿಷ್ಠ ವಯೋಮಿತಿಯನ್ನೂ 2022ರಲ್ಲಿ ತೆಗೆದುಹಾಕಿದರು. ನಿಯಮ ಎಳೆಯದ ಗೆರೆಯನ್ನು ಮನೆಯವರೇ ಎಳೆಯಬೇಕು. ಇಲ್ಲದಿದ್ದರೆ "ಇದೊಂದು ಸಲ" ಎನ್ನುತ್ತಾ ಮೂರು ನಾಲ್ಕು ವರ್ಷ ಕಳೆದು, ಓರಗೆಯವರು ಪದವಿ ಮುಗಿಸಿದಾಗ ಮಗು ಒಳಗೊಳಗೇ ಕುಗ್ಗುತ್ತದೆ.

ಆ ಹುಡುಗಿ ಒಂದು ದಿನ ಯೋಚಿಸಿ ತಾನೇ ಹೇಳಿದಳು: "ಒಂದೇ ಒಂದು ಸಲ, ಮನೆಯಲ್ಲಿದ್ದುಕೊಂಡೇ ಬರೆಯುತ್ತೇನೆ." ಚಿನ್ನ ಪೆಟ್ಟಿಗೆಯಲ್ಲೇ ಉಳಿಯಿತು. ಭೌತಶಾಸ್ತ್ರಕ್ಕೆ ಮಾತ್ರ ಊರಿನ ನಿವೃತ್ತ ಅಧ್ಯಾಪಕರ ಬಳಿ ಪಾಠ. ಬೆಳಗ್ಗೆ ಓದು, ಸಂಜೆ ತಂಗಿಯೊಂದಿಗೆ ಆಟ. "ಎಷ್ಟು ಬರಬಹುದು?" ಎಂದು ಯಾರೂ ಕೇಳಬಾರದೆಂದು ತಂದೆ ಮನೆಗೆ ಬಂದ ನೆಂಟರಿಗೇ ಹೇಳಿಬಿಟ್ಟಿದ್ದರು.

2025ರ ಫಲಿತಾಂಶ ಬಂದಾಗ ಅವಳ ಅಂಕ ಹಿಂದಿನ ವರ್ಷಕ್ಕಿಂತ ಕಡಿಮೆ. ತಾಯಿ ಗಾಬರಿಯಾದರು. ಆದರೆ ರ್‍ಯಾಂಕ್ ಎಷ್ಟೋ ಮುಂದೆ ಬಂದಿತ್ತು. ಎಂಬಿಬಿಎಸ್‌ಗೆ ಆದರೂ ಸಾಲಲಿಲ್ಲ. ಅದೇ ರ್‍ಯಾಂಕಿಗೆ ಆಯುರ್ವೇದ ಕಾಲೇಜಿನಲ್ಲಿ ಸೀಟು ಸಿಕ್ಕಿತು. "ಇನ್ನೊಂದು ಸಲ ನೋಡುವುದಾ?" ಎಂದು ತಂದೆ ಮೆಲ್ಲಗೆ ಕೇಳಿದರಂತೆ. "ಒಂದೇ ಸಲ ಎಂದು ಮಾತಾಗಿತ್ತಲ್ಲ ಅಪ್ಪಾ, ನಾನು ಹೋಗುತ್ತೇನೆ" ಎಂದಳಂತೆ.

ಅವಳು ಸೋತಳೋ ಗೆದ್ದಳೋ ಎಂದು ಈಗಲೂ ಕೆಲವರು ನಮ್ಮಲ್ಲಿ ಕೇಳುತ್ತಾರೆ. ಹಬ್ಬಕ್ಕೆ ಊರಿಗೆ ಬಂದಾಗ ಅವಳು ತಲೆಯೆತ್ತಿ ನಡೆಯುವುದನ್ನು ನಾವು ಕಂಡಿದ್ದೇವೆ. ಮುಂದಿನ ಫಲಿತಾಂಶ ಬಂದ ದಿನ ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಎದ್ದರೆ, ನಮ್ಮಲ್ಲಿಗೆ ಬರುವ ಮುಂಚೆ ಮಗುವನ್ನು ಹತ್ತಿರ ಕುಳ್ಳಿರಿಸಿ ಕೇಳಿ. ಉತ್ತರ ಬರಲು ತಡವಾದರೆ ಕಾಯಿರಿ.