ಮಕ್ಕಳೂ ಗಡಿಯಾರವೂ

ಎಳೆಯ ಮಕ್ಕಳಿಗೆ ಹೊತ್ತು ನೋಡುವುದನ್ನು ಕಲಿಸುವುದು ಅಲ್ಪ ವಿಷಯವೆಂದು ನಮ್ಮ ವಾಚಕರಲ್ಲಿ ಕೆಲವರು ಎಣಿಸಬಹುದು. ನಾವು ಹಾಗೆಣಿಸುವುದಿಲ್ಲ. ಹೊತ್ತಿನ ಬೆಲೆಯನ್ನರಿಯದ ಜನಾಂಗವು ಯಾವ ಮಹತ್ಕಾರ್ಯವನ್ನೂ ಸಾಧಿಸಲಾರದು. ಆ ಅರಿವಿನ ಮೊದಲ ಪಾಠವು ಆರೇಳು ವರುಷದ ವಯಸ್ಸಿನಲ್ಲಿಯೇ ಆಗತಕ್ಕದ್ದು.

ಈಗ ಪ್ರತಿಯೊಬ್ಬರ ಕೈಯಲ್ಲಿರುವ ಫೋನು ಹೊತ್ತನ್ನು ಅಂಕಿಗಳಲ್ಲಿ ತೋರಿಸುತ್ತದೆ. ಮಗುವು ಅವನ್ನು ಓದಿಬಿಡುತ್ತದೆ. ಆದರೆ ೩-೫೦ ಎಂದು ಓದಿದ ಮಾತ್ರಕ್ಕೆ ನಾಲ್ಕಾಗಲು ಎಷ್ಟು ಉಳಿದಿದೆಯೆಂಬುದು ಅದಕ್ಕೆ ಹೊಳೆಯುವುದಿಲ್ಲ. ಮುಳ್ಳಿನ ಗಡಿಯಾರದಲ್ಲಿ ಆ ಉಳಿಕೆಯು ಕಣ್ಣಿಗೇ ಕಾಣುವುದು. ಆದರೆ ಅಲ್ಲಿ ಬೇರೊಂದು ತೊಡಕುಂಟು. ಚಿಕ್ಕ ಮುಳ್ಳು ನಾಲ್ಕರ ಹತ್ತಿರವಿರುವುದನ್ನು ಕಂಡು ಮಗುವು ‘ನಾಲ್ಕು ಐವತ್ತು’ ಎನ್ನುತ್ತದೆ, ಉಪಾಧ್ಯಾಯರು ಗದರಿಸುತ್ತಾರೆ, ಮಗುವು ಬಾಯಿಪಾಠಕ್ಕೆ ಶರಣಾಗುತ್ತದೆ.

ಇಲ್ಲಿ ಕಥೆಯು ನೆರವಿಗೆ ಬರುವುದು. ಹನ್ನೆರಡು ಕಂಬಗಳ ಗುಡಿಯೊಂದನ್ನು ಅಜ್ಜಿಯೂ ಮೊಮ್ಮಗನೂ ಪ್ರದಕ್ಷಿಣೆ ಮಾಡುತ್ತಿರುವರೆಂದು ಹೇಳಿರಿ. ಅಜ್ಜಿಯು ಒಂದು ಕಂಬದಿಂದ ಮುಂದಿನ ಕಂಬವನ್ನು ಸೇರುವಷ್ಟರಲ್ಲಿ ಮೊಮ್ಮಗನು ಪೂರ್ತಿ ಒಂದು ಸುತ್ತನ್ನೇ ಮುಗಿಸುತ್ತಾನೆ. ಕಂಬದಿಂದ ಕಂಬಕ್ಕೆ ಅವನಿಗೆ ಐದು ಹೆಜ್ಜೆ, ಸುತ್ತಿಗೆ ಅರುವತ್ತು. ಅವನು ಐವತ್ತನೆಯ ಹೆಜ್ಜೆಯಲ್ಲಿರುವಾಗ ಅಜ್ಜಿಯು ನಾಲ್ಕನೆಯ ಕಂಬವನ್ನು ಸಮೀಪಿಸಿರುವಳೇ ಹೊರತು ಮುಟ್ಟಿಲ್ಲ. ಆದುದರಿಂದ ಗಂಟೆ ಇನ್ನೂ ಮೂರೇ. ‘ಒಂದು’ ಎಂಬ ಅಂಕಿಯು ದೊಡ್ಡ ಮುಳ್ಳಿಗೆ ಐದಾಗುವುದೇಕೆಂಬುದೂ ಇದರಿಂದಲೇ ತಿಳಿಯುತ್ತದೆ. ಮುಳ್ಳುಗಳು ತಿರುಗುವುದೂ ಪ್ರದಕ್ಷಿಣೆಯ ದಿಕ್ಕಿನಲ್ಲಿಯೇ ಅಲ್ಲವೇ?

ಹೊತ್ತಿಗೂ ಕಥೆಗೂ ಇರುವ ನಂಟು ನಮ್ಮವರಿಗೆ ಹೊಸದಲ್ಲ. ತಳದಲ್ಲಿ ರಂಧ್ರವುಳ್ಳ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟು, ಹಗಲಿರುಳನ್ನು ೬೦ ಘಳಿಗೆಗಳಾಗಿ, ಘಳಿಗೆಗೆ ೨೪ ನಿಮಿಷದಂತೆ ಅಳೆದ ನಾಡಿದು. ೧೨ನೆಯ ಶತಮಾನದ ಭಾಸ್ಕರಾಚಾರ್ಯನ ಮಗಳು ಲೀಲಾವತಿಯು ಆ ಬಟ್ಟಲಿಗೆ ಬಾಗಿದಾಗ ಮುತ್ತೊಂದು ಜಾರಿ ರಂಧ್ರವನ್ನು ಮುಚ್ಚಿತೆಂದೂ, ಬಟ್ಟಲು ಮುಳುಗದೆ ಲಗ್ನದ ಮುಹೂರ್ತವು ಮೀರಿತೆಂದೂ ಐತಿಹ್ಯವುಂಟು. ಅಕ್ಬರನ ಆಸ್ಥಾನದ ಫೈಜಿಯು ೧೫೮೭ರಲ್ಲಿ ‘ಲೀಲಾವತಿ’ಯನ್ನು ಪಾರಸಿ ಭಾಷೆಗೆ ತಂದಾಗ ಈ ಕಥೆಯನ್ನು ಹೇಳಿದನು. ಇದು ಚರಿತ್ರೆಯಲ್ಲದಿರಬಹುದು; ಆದರೂ ಕಳೆದ ಕ್ಷಣವು ಮರಳದೆಂಬುದನ್ನು ಮಗುವಿಗೆ ಇದಕ್ಕಿಂತ ಚೆನ್ನಾಗಿ ತಿಳಿಸುವ ಉಪದೇಶವನ್ನು ನಾವು ಕಾಣೆವು.

ಶಾಲಾಧಿಕಾರಿಗಳೂ ತಾಯಿತಂದೆಗಳೂ ಈ ಸುಲಭೋಪಾಯವನ್ನು ಕೈಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ. ಇದಕ್ಕೆ ಹಣ ಬೇಡ, ಸರಕಾರದ ಅಪ್ಪಣೆಯೂ ಬೇಡ. ಆದರೆ ಹತ್ತು ಗಂಟೆಯ ಸಭೆಗೆ ಹನ್ನೊಂದಕ್ಕೆ ದಯಮಾಡಿಸುವ ಹಿರಿಯರನ್ನು ನೋಡುತ್ತ ಬೆಳೆಯುವ ಮಗುವಿಗೆ ಯಾವ ಕಥೆಯೂ ಸಾಲದೆಂಬುದನ್ನೂ ಅವರು ನೆನಪಿನಲ್ಲಿಡಲಿ.